ಪ್ರತಿಮೆ ತೊಟ್ಟ ರವಿಕೆ

ತಾಳವಾಡಿಯಲ್ಲಿ ಬಸ್ಸುಗಳು ತಿರುಗಿಕೊಳ್ಳುವ ಜಾಗದಲ್ಲಿ ನನ್ನ ಚಿಕ್ಕವ್ವನ ಪ್ರತಿಮೆ ಕೂತಿದೆ. ದೊಡ್ಡಗಾಜನೂರಿನಿಂದ ದಿನಾ ಬೆಳಿಗ್ಗೆ ಬಂದು ನಾನು ಇಳಿಯುವುದು ಅದರ ಎದುರಿಗೇ. ಇಳಿದವಳು ಅತ್ತ ತಿರುಗಿಯೂ ನೋಡದೆ ಅಂಗಡಿಯ ಕಡೆ ನಡೆಯುತ್ತೇನೆ. ಅದನ್ನು ಕಂಡವರು, ಪಾಪ, ಚಿಕ್ಕವ್ವನ ನೆನಪಾಗಿ ಅಳು ಬರುತ್ತದೆ ಅದಕ್ಕೆ ನೋಡೋದಿಲ್ಲ ಎಂದು ಮಾತಾಡಿಕೊಳ್ಳುತ್ತಾರೆ. ನನಗೆ ಬರುವುದು ಅಳು ಅಲ್ಲ, ಸಿಟ್ಟು.

ನಮ್ಮ ಬೆಟ್ಟ ತಮಿಳುನಾಡಿಗೆ ಸೇರಿದ್ದು. ಪೀಠದ ಮೇಲೆ ತಮಿಳಿನಲ್ಲಿ ದೊಡ್ಡದಾಗಿ, ಕನ್ನಡದಲ್ಲಿ ಸಣ್ಣದಾಗಿ, ಬೆಟ್ಟದ ಹೆಣ್ಣುಮಕ್ಕಳ ಉಡುಪಿಗೆ ಹೊಸ ರೂಪ ಕೊಟ್ಟ ಮೊದಲ ವಸ್ತ್ರವಿನ್ಯಾಸಕಿ ಎಂದು ಬರೆಸಿದ್ದಾರೆ. ಈ ಮಾತನ್ನು ಚಿಕ್ಕವ್ವ ಬದುಕಿದ್ದಾಗ ಕೇಳಿದ್ದರೆ ಅದು ಯಾವ ಕಾಯಿಲೆ ಎನ್ನುತ್ತಿದ್ದಳು. ನೋಡಿದವರೆಲ್ಲ ಪ್ರತಿಮೆಯಲ್ಲಿ ಜೀವ ಇರುವ ಹಾಗೇ ಇದೆ ಎನ್ನುತ್ತಾರೆ. ಆ ಮಾತು ಕಿವಿಗೆ ಬಿದ್ದಾಗೆಲ್ಲ ನನಗೆ ಮೈ ಉರಿಯುತ್ತದೆ. ಯಾಕೆ ಉರಿಯುತ್ತದೆ ಎಂದು ಊರಿನಲ್ಲಿ ಬಾಯಿ ಬಿಡುವ ಹಾಗಿಲ್ಲ. ಪುಸ್ತಕದಲ್ಲಿ ಬರೆದರೆ ಭಯವಿಲ್ಲ, ನಮ್ಮೂರಿನಲ್ಲಿ ಅದನ್ನು ಯಾರೂ ಓದುವುದಿಲ್ಲ.

ಚಿಕ್ಕವ್ವ ನನ್ನ ಅವ್ವನ ತಂಗಿ. ಮದುವೆಯಾಗಿ ಹೋದವಳು ಸ್ವಲ್ಪ ಕಾಲದಲ್ಲೇ ಹೊಲಿಗೆ ಮೆಷೀನನ್ನು ಮಾತ್ರ ಹಿಡಿದುಕೊಂಡು ತವರಿಗೆ ವಾಪಸ್ಸು ಬಂದಳು. ಯಾಕೆ ಬಂದೆ ಎಂದು ಕೇಳಿದವರಿಗೆಲ್ಲ ಅಲ್ಲಿ ಬೆಳಕು ಸಾಲದು ಎಂದು ಹೇಳಿ ಬಾಯಿ ಮುಚ್ಚಿಸಿದಳು. ಅಣ್ಣನ ಮನೆಯ ಜಗುಲಿಯ ಮೇಲೆ ಮೆಷೀನು ಇಟ್ಟುಕೊಂಡು ಲಂಗ, ರವಿಕೆ ಹೊಲಿಯುತ್ತಾ ದಾರಿಯಲ್ಲಿ ಹೋಗಿ ಬರುವ ಹೆಂಗಸರನ್ನು ನೋಡುತ್ತಿದ್ದಳು. ನಮ್ಮ ಕಡೆ ಹೊಲಕ್ಕೆ ಹೋಗುವ ಹೆಂಗಸರು ಸೀರೆಯ ಮೇಲೆ ಗಂಡಂದಿರ ಹಳೇ ಶರ್ಟು ಹಾಕಿಕೊಳ್ಳುತ್ತಾರೆ. ಬೆಳಿಗ್ಗೆ ಚಳಿ, ಮಧ್ಯಾಹ್ನ ಬಿಸಿಲು, ಮುಸುಕಿನ ಜೋಳದ ಗರಿ ಕೈ ಕೊಯ್ಯುತ್ತದೆ, ಅರಿಸಿನದ ಕಳೆ ತೆಗೆದರೆ ಮೈ ಕಡಿಯುತ್ತದೆ. ಶರ್ಟು ಇಲ್ಲದೆ ಆಗುವುದಿಲ್ಲ. ಆದರೆ ಗಂಡಸಿನ ಶರ್ಟು ಗಂಡಸಿನದೇ. ಭುಜ ಜೋತು ಬೀಳುತ್ತದೆ, ಎದೆಯ ಹತ್ತಿರ ಗುಂಡಿ ಕಿತ್ತು ಬರುತ್ತದೆ, ತೋಳು ಮಡಚಿ ಮಡಚಿ ಸಾಕಾಗುತ್ತದೆ. ಅದೂ ಅವನು ಹಾಕಿ ಹರಿದು ಬಿಸಾಡಿದ್ದು. ಇದನ್ನು ನೋಡಿ ನೋಡಿ ಚಿಕ್ಕವ್ವನಿಗೆ ತಲೆ ಕೆಟ್ಟು ಹೋಯಿತು.

ಅವಳು ಹೆಂಗಸರಿಗೇ ಒಂದು ಅಂಗಿ ಕತ್ತರಿಸಿದಳು. ಭುಜ ಚಿಕ್ಕದು, ಎದೆ ಅಗಲ, ಹಿಂದೆ ಕತ್ತು ಸುಡದ ಹಾಗೆ ಎತ್ತರದ ಕಾಲರು, ಮುಂಗೈಗೆ ಗುಂಡಿ. ಸೆರಗನ್ನು ಎಳೆದು ಸೊಂಟಕ್ಕೆ ಸಿಕ್ಕಿಸಲು ಎರಡೂ ಪಕ್ಕದಲ್ಲಿ ಸೀಳು. ಬಗ್ಗಿದಾಗ ಹರಿಯದಿರಲೆಂದು ಬೆನ್ನಿಗೆ ಒಂದು ನೆರಿಗೆ. ಒಳಗೆ ಎಡಗಡೆ ಒಂದು ಪುಟ್ಟ ಚೀಲ. ನಮ್ಮಲ್ಲಿ ಹೆಂಗಸರೂ ಕೊರಳಿಗೆ ಲಿಂಗ ಕಟ್ಟುತ್ತಾರೆ, ಬಗ್ಗಿ ಕೆಲಸ ಮಾಡುವಾಗ ಅದು ತೂಗಾಡಿ ಮಣ್ಣಿಗೆ ತಾಗುತ್ತದೆ. ಅದನ್ನು ಇಟ್ಟುಕೊಳ್ಳಲು ಆ ಚೀಲ. ಲಿಂಗ ಕಟ್ಟದ ಮನೆಗಳ ಹೆಂಗಸರು ಅದರಲ್ಲಿ ಎಲೆಯಡಿಕೆ ಇಟ್ಟುಕೊಂಡರು, ಆಮೇಲೆ ಮೊಬೈಲ್ ಬಂದ ಕಾಲಕ್ಕೆ ಮೊಬೈಲ್ ಇಟ್ಟುಕೊಂಡರು. ಬಟ್ಟೆಯಂತೂ ಎದ್ದು ಕಾಣುವ ಹೂವಿನದು, ಕಾಲರಿಗೆ ಬೇರೆ ಬಣ್ಣ. ಕೆಲಸಕ್ಕೆ ಹೋಗುವವಳು ಹಳೇದನ್ನೇ ಹಾಕಬೇಕು ಎಂದು ಯಾರು ಹೇಳಿದ್ದು ಎಂಬುದು ಅವಳ ವಾದ.

ಮೊದಲ ಅಂಗಿಯನ್ನು ಅವಳು ಅತ್ತಿಗೆಗೆ, ಎಂದರೆ ನನ್ನ ಸೋದರಮಾವನ ಹೆಂಡತಿಗೆ ಹೊಲಿದು ಕೊಟ್ಟಳು. ಅತ್ತೆ ಅದನ್ನು ಹಾಕಿಕೊಂಡು ಹೊಲಕ್ಕೆ ಹೋದರು. ಮಾವನಿಗೆ ಮರ್ಯಾದೆ ಹೋಯಿತು. ಗಂಡನ ಹರಕಲು ಶರ್ಟು ಹಾಕಿದರೆ ತಪ್ಪಲ್ಲ, ಹೆಂಗಸಿಗೆಂದೇ ಹೊಲಿದ ಅಂಗಿ ಹಾಕಿದರೆ ತಪ್ಪು. ಸಂಜೆ ಅಂಗಿ ಬಿಚ್ಚಿಸಿ, ಮಾರನೆಯ ದಿನ ಅದನ್ನು ಆಳಿನ ಕೈಲಿ ಜೋಳದ ಹೊಲದ ಬೆರ್ಚಪ್ಪನಿಗೆ ತೊಡಿಸಿಬಿಟ್ಟರು. ಹಕ್ಕಿ ಬೆದರಿಸುವ ಆ ಹುಲ್ಲಿನ ಗೊಂಬೆಗೆ ಹೂವಿನ ಅಂಗಿ, ನೀಲಿ ಕಾಲರು. ಊರವರು ದಾರಿಯಲ್ಲಿ ನಿಂತು ನಗಲಿ ಎಂದು. ಚಿಕ್ಕವ್ವ ಹೋಗಿ ಗೊಂಬೆಯ ಸುತ್ತ ಒಂದು ಸುತ್ತು ಬಂದು, ಭುಜ ಮುಟ್ಟಿ ನೋಡಿ, ಚೆನ್ನಾಗಿ ಕೂತಿದೆ ಎಂದು ಹೇಳಿ ಬಂದಳಂತೆ. ಆ ವಾರವೇ ಮೆಷೀನು ಎತ್ತಿಸಿಕೊಂಡು ತಾಳವಾಡಿಗೆ ಬಂದು ಒಂದು ಕಿರಿದಾದ ಅಂಗಡಿ ಹಿಡಿದಳು. ಮತ್ತೆ ಅಣ್ಣನ ಮನೆಯ ಹೊಸಿಲು ತುಳಿಯಲಿಲ್ಲ.

ಹತ್ತನೇ ತರಗತಿ ಮುಗಿದ ಮೇಲೆ ನಾನು ಅವಳ ಅಂಗಡಿಗೆ ಸೇರಿದೆ. ಅವಳ ಹತ್ತಿರ ಕಲಿಯುವುದೆಂದರೆ ಬೈಸಿಕೊಳ್ಳುವುದು. ಹೊಲಿಗೆ ಸೊಟ್ಟಗಿದ್ದರೆ ಬಿಚ್ಚು ಎನ್ನುತ್ತಿರಲಿಲ್ಲ, ಕೈಯಿಂದ ಕಿತ್ತುಕೊಂಡು ತಾನೇ ಬಿಚ್ಚಿ ಮುಖಕ್ಕೆ ಎಸೆಯುತ್ತಿದ್ದಳು. ಅಳತೆ ತೆಗೆಯುವ ರೀತಿಯೂ ಬೇರೆ. ಎಲ್ಲ ದರ್ಜಿಗಳೂ ನೆಟ್ಟಗೆ ನಿಲ್ಲಿಸಿ ಅಳತೆ ತೆಗೆಯುತ್ತಾರೆ. ಇವಳು ಬಂದವಳನ್ನು ಅಂಗಡಿಯ ನಡುವೆ ನಿಲ್ಲಿಸಿ, ಕಳೆ ಕೀಳುವ ಹಾಗೆ ಬಗ್ಗು ಎನ್ನುತ್ತಿದ್ದಳು. ಬಗ್ಗಿದ ಬೆನ್ನಿನ ಮೇಲೆ ಟೇಪು ಎಳೆಯುತ್ತಿದ್ದಳು. ನಾಚಿಕೊಂಡು ಅರ್ಧ ಬಗ್ಗಿದವರಿಗೆ, ದಿನವೆಲ್ಲ ಹೊಲದಲ್ಲಿ ಬಗ್ಗುವಾಗ ಇಲ್ಲದ ನಾಚಿಕೆ ಇಲ್ಲಿ ಯಾಕೆ ಎಂದು ಕೇಳುತ್ತಿದ್ದಳು. "ನಿಂತೋರ್ ಅಳತ ನಿಂತಿರೋಕ್ ಮಾತ್ರ ಬತ್ತದ ಕಣಮ್ಮಿ. ನಿಂತಿರೋ ಯೆಂಗ್ಸ ನಮ್ಮೂರ್ಲಿ ಎಲ್ಲವಳ?" ಎಂದು ನನಗೆ ಹೇಳಿದ್ದು ಈಗಲೂ ಕಿವಿಯಲ್ಲಿದೆ.

ಅಂಗಿ ಬೆಟ್ಟದ ಮೇಲೆಲ್ಲಾ ಹಬ್ಬಿತು. ಗೆಟ್ಟವಾಡಿಯವರು ತೊಟ್ಟರು, ಅಲ್ಲಿಂದ ಗಡಿ ದಾಟಿ ಚಾಮರಾಜನಗರದ ಕಡೆಗೂ ಹೋಯಿತು. ಅಲ್ಲಿ ಅದಕ್ಕೆ ತಾಳವಾಡಿ ಅಂಗಿ ಎಂದೇ ಹೆಸರಾಯಿತು. ಆಮೇಲೆ ಒಮ್ಮೆ ಘಾಟಿ ಕೆಳಗಿನ ಊರಿನ ಒಂದು ಬಟ್ಟೆ ಕಂಪನಿಯವರು ಬಂದು ಎರಡು ಅಂಗಿ ಕೊಂಡು ಹೋದರು. ಮಾರನೇ ವರ್ಷ ಪಟ್ಟಣದ ಅಂಗಡಿಗಳ ಗಾಜಿನ ಹಿಂದೆ ಅದೇ ಹೂವು, ಅದೇ ಕಾಲರು ನೇತಾಡುತ್ತಿದ್ದವು. ಹುಡುಗಿಯರು ಜೀನ್ಸ್ ಪ್ಯಾಂಟಿನ ಮೇಲೆ ಹಾಕಿಕೊಳ್ಳಲು. ಯಾರೋ ಒಂದನ್ನು ತಂದು ತೋರಿಸಿದರು. ಚಿಕ್ಕವ್ವ ಅದನ್ನು ಒಳಗು ಹೊರಗು ಮಾಡಿ, ಎಡಗಡೆ ಒಳಚೀಲ ಹುಡುಕಿದಳು. ಇರಲಿಲ್ಲ. ಬೆನ್ನಿನ ನೆರಿಗೆಯೂ ಇರಲಿಲ್ಲ. ಕದಿಯುವುದಾದರೆ ಪೂರ್ತಿ ಕದಿಯಬೇಕಿತ್ತು ಎಂದು ಉಗಿದು, ಆ ಅಂಗಿಯನ್ನು ಮೆಷೀನು ಒರೆಸಲು ಇಟ್ಟುಕೊಂಡಳು.

ಅವಳು ಹೋಗಿದ್ದು ಜಡಿಮಳೆಯ ದಿನ. ಅಂಗಡಿಯಲ್ಲೇ, ಮೆಷೀನಿನ ಮೇಲೆ ತಲೆಯಿಟ್ಟು ಹೋಗಿದ್ದಳು. ಹೆಣವನ್ನು ತವರಿಗೆ ತೆಗೆದುಕೊಂಡು ಹೋಗಲೇಬೇಕು ಎಂದು ಮಾವನ ಮಗ ಬಂದು ನಿಂತ. ನನಗೆ ವರಸೆಯಲ್ಲಿ ಬಾವ, ಊರಿನಲ್ಲಿ ಮಾತು ನಡೆಯುವವನು. ಮಾವ ಆಗಲೇ ತೀರಿಕೊಂಡಿದ್ದರು. ಬದುಕಿದ್ದಾಗ ತುಳಿಯದಿದ್ದ ಹೊಸಿಲನ್ನು ಸತ್ತ ಮೇಲೆ ದಾಟಿಸಿದರು. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಮೈ ತೊಳೆದು, ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಪದ್ಮಾಸನದಲ್ಲಿ ಕೂರಿಸುತ್ತೇವೆ. ತಲೆ ಬಾಗದಿರಲೆಂದು ಹಿಂದಿನಿಂದ ಗೋಡೆಯ ಗೂಟಕ್ಕೆ ಬಟ್ಟೆಯಲ್ಲಿ ಕಟ್ಟುತ್ತೇವೆ. ಎಡ ಅಂಗೈಯಲ್ಲಿ ಅವರ ಲಿಂಗ ಇಟ್ಟು ಹೂವು ಏರಿಸುತ್ತೇವೆ. ಕೂತ ಹಾಗೇ ಹೊತ್ತು, ಕೂತ ಹಾಗೇ ಮಣ್ಣು ಮಾಡುತ್ತೇವೆ.

ಬಟ್ಟೆ ಉಡಿಸಿದವಳು ನಾನು. ಅವಳದೇ ಒಂದು ಅಂಗಿ ತಂದಿದ್ದೆ, ಹೂವಿನದು. ಒಳಗಿದ್ದ ಹೆಂಗಸರು ಒಪ್ಪಲಿಲ್ಲ. ಹೆಣ್ಣುಮಗಳಿಗೆ ಕೊನೆಯ ಸೀರೆ ತವರಿನದೇ ಆಗಬೇಕು, ಒಮ್ಮೆ ಮೈಮೇಲೆ ಹಾಕಿದ ಬಟ್ಟೆ ಆಗದು, ಹೊಸದೇ ಬೇಕು ಎಂದರು. ಬಾವ ಪೇಟೆಯಿಂದ ಸೀರೆಯ ಜೊತೆಗೆ ಒಂದು ರೆಡಿಮೇಡ್ ರವಿಕೆ ತರಿಸಿದ್ದ. ಹುಟ್ಟಿದಾಗಿನಿಂದ ರೆಡಿಮೇಡ್ ಮುಟ್ಟದವಳಿಗೆ! ಅದು ಅವಳಿಗಿಂತ ಒಂದೂವರೆ ಪಟ್ಟು ದಪ್ಪದವಳ ಅಳತೆ. ಮೈ ಆಗಲೇ ಬಿಗಿದುಕೊಂಡಿತ್ತು, ಕೈ ತಿರುಗುತ್ತಿರಲಿಲ್ಲ. ಸತ್ತವರಿಗೆ ರವಿಕೆ ತೊಡಿಸುವ ದಾರಿ ಒಂದೇ. ಕತ್ತರಿ ತೆಗೆದುಕೊಂಡು ರವಿಕೆಯ ಬೆನ್ನನ್ನು ಮೇಲಿಂದ ಕೆಳಕ್ಕೆ ಸೀಳಿದೆ. ಮುಂದಿನಿಂದ ತೋಳಿಗೆ ಏರಿಸಿ, ಸೀಳಿದ ಎರಡು ಅಂಚನ್ನೂ ಬೆನ್ನಿನ ಹಿಂದೆ ತುರುಕಿದೆ. ಎಡಭುಜವನ್ನು ಸೆರಗು ಮುಚ್ಚಿತು. ಬಲಭುಜದ ಹೊಲಿಗೆ ಜಾರಿ ತೋಳಿನ ಮೇಲೆ ಬಿದ್ದಿತ್ತು, ಕಂಕುಳಲ್ಲಿ ಬಟ್ಟೆ ಗಂಟು ಗಂಟಾಗಿತ್ತು, ಕುತ್ತಿಗೆಯ ಅಂಚು ಎದ್ದು ನಿಂತಿತ್ತು. ಎಷ್ಟು ಎಳೆದು ಸರಿ ಮಾಡಿದರೂ ಕೂರಲಿಲ್ಲ. ಎದ್ದು ಬಂದು ನನ್ನ ಮುಖಕ್ಕೆ ಎಸೆಯುತ್ತಾಳೇನೋ ಎನ್ನಿಸಿತು. ಎಸೆದಿದ್ದರೆ ಎಷ್ಟು ಚೆನ್ನಾಗಿತ್ತು.

ಮಳೆಗೆ ಹೆಚ್ಚು ಜನ ಬರಲಾಗಲಿಲ್ಲ. ಮನೆಯವರು, ಅಕ್ಕಪಕ್ಕದವರು, ಅಷ್ಟೇ. ಕೂರಿಸಿದ ಮೇಲೆ ಬಾವ ಮೊಬೈಲಿನಲ್ಲಿ ಫೋಟೋ ತೆಗೆದ. ನಮ್ಮಲ್ಲಿ ಅದೂ ವಾಡಿಕೆ. ಎಷ್ಟೋ ಮನೆಯ ಗೋಡೆಗಳ ಮೇಲೆ ಹಿರಿಯರ ಫೋಟೋ ಎಂದು ಇರುವುದು ಹೀಗೆ ಕೂರಿಸಿ ತೆಗೆದದ್ದೇ. ಗೊತ್ತಿಲ್ಲದವರು ನೋಡಿದರೆ ಪೂಜೆಗೆ ಕೂತಿದ್ದಾರೆ ಎಂದುಕೊಳ್ಳಬೇಕು.

ಕೆಲವು ವರ್ಷ ಕಳೆದು, ಅದೇ ಬಟ್ಟೆ ಕಂಪನಿಯವರಿಗೆ ಚಿಕ್ಕವ್ವನ ಮೇಲೆ ಇದ್ದಕ್ಕಿದ್ದಂತೆ ಭಕ್ತಿ ಹುಟ್ಟಿತು. ಬಟ್ಟೆಯ ಕಾಲೇಜಿನವರು ಯಾರೋ ಅವಳ ಬಗ್ಗೆ ಪತ್ರಿಕೆಯಲ್ಲಿ ಬರೆದಿದ್ದರು, ಆ ಅಂಗಿ ಯಾರದೆಂದು ಎಲ್ಲರಿಗೂ ಗೊತ್ತಾಗಿತ್ತು. ಕದ್ದದ್ದನ್ನು ಮುಚ್ಚಿಡಲಾಗದೆ ಹೋದಾಗ ಯಾರಿಂದ ಕದ್ದರೋ ಅವರ ಹೆಸರಿನಲ್ಲಿ ಪ್ರತಿಮೆ ಮಾಡಿಸುವುದೇ ಸುಲಭ. ಊರಿನಲ್ಲಿ ಒಂದು ಸಮಿತಿಯಾಯಿತು. ಬಾವ ಅದಕ್ಕೆ ಹಿರಿಯ. ನನ್ನನ್ನೂ ಕರೆದು ಫೋಟೋ ಇದ್ದರೆ ಕೊಡು ಎಂದರು. ನನ್ನ ಹತ್ತಿರ ಒಂದೇ ಇತ್ತು. ಅಂಗಡಿಯ ಮೆಟ್ಟಿಲ ಮೇಲೆ ಚಿಕ್ಕವ್ವ ಕೂತಿದ್ದಾಳೆ. ಸೀರೆಯ ಮೇಲೆ ತಾನೇ ಹೊಲಿದ ಅಂಗಿ, ತೋಳು ಮಡಚಿದೆ, ಸೆರಗು ಸೊಂಟದಲ್ಲಿದೆ, ಕೊರಳಲ್ಲಿ ಟೇಪು, ಬಾಯಿ ತೆರೆದು ನಗುತ್ತಿದ್ದಾಳೆ. ಮುಂದಿನ ಒಂದು ಹಲ್ಲು ಇಲ್ಲ. ಅವಳು ಇದ್ದದ್ದೇ ಹಾಗೆ. ಪ್ರತಿಮೆ ಮಾಡುವುದಾದರೆ ಹೀಗೇ ಮಾಡಿಸಿ ಎಂದು ಹೇಳಿ ಕೊಟ್ಟು ಬಂದೆ. ಅವಳು ತನ್ನ ಅಂಗಿ ತೊಟ್ಟು ಊರ ನಡುವೆ ಕೂರಬೇಕು, ನನಗೆ ಬೇಕಾಗಿದ್ದು ಅದೊಂದೇ.

ತಿಂಗಳುಗಳು ಕಳೆದರೂ ಸುದ್ದಿಯಿಲ್ಲ. ಸತ್ಯಮಂಗಲದ ಆಚೆ ಒಂದು ಶೆಡ್ಡಿನಲ್ಲಿ ಮಣ್ಣಿನ ಮಾದರಿ ಆಗುತ್ತಿದೆ ಎಂದು ಕೇಳಿ, ಕಾಯಲಾರದೆ ಒಂದು ದಿನ ಬೆಳಿಗ್ಗೆ ಬಸ್ಸು ಹತ್ತಿದೆ. ಘಾಟಿ ಇಳಿಯುವ ಮೊದಲು ದಿಂಬಂನಲ್ಲಿ ಬಸ್ಸು ನಿಂತಾಗ ಚಹಾ ಕುಡಿಯುತ್ತಾ, ಮಣ್ಣಿನಲ್ಲಿ ಕಾಲರು ಹೇಗೆ ಬಂದಿರಬಹುದು ಎಂದು ಯೋಚಿಸುತ್ತಿದ್ದದ್ದು ನೆನಪಿದೆ. ಮಕ್ಕಳ ಹಾಗೆ ಖುಷಿಯಾಗಿದ್ದೆ. ತಿರುವುಗಳಲ್ಲಿ ಎಲ್ಲರೂ ವಾಂತಿ ಮಾಡುತ್ತಿದ್ದರು, ನನಗೆ ಏನೂ ಆಗಲಿಲ್ಲ.

ಶೆಡ್ಡಿನಲ್ಲಿ ಶಿಲ್ಪಿ ಒದ್ದೆ ಗೋಣಿಚೀಲ ತೆಗೆದು ತೋರಿಸಿದರು. ನನ್ನಷ್ಟೇ ವಯಸ್ಸಿನ, ಮೆತ್ತನೆ ಮಾತಿನ ಮನುಷ್ಯ. ಮಣ್ಣಿನ ಚಿಕ್ಕವ್ವನದು ಪದ್ಮಾಸನ. ಮೈ ತುಂಬ ಸೆರಗು. ಅರ್ಧ ಮುಚ್ಚಿದ ಕಣ್ಣು, ಸ್ವಲ್ಪ ಮೇಲೆತ್ತಿದ ಗಲ್ಲ, ಹಿಂದಿನಿಂದ ಯಾರೋ ಹಿಡಿದುಕೊಂಡ ಹಾಗೆ ಬಿಗಿದ ಕತ್ತು. ನನಗೆ ಮೊದಲು ಮುಖ ಕಾಣಲೇ ಇಲ್ಲ. ಬಲಭುಜ ಕಾಣಿಸಿತು. ಹೊಲಿಗೆ ಜಾರಿ ತೋಳಿನ ಮೇಲೆ ಬಿದ್ದಿತ್ತು. ಕಂಕುಳಲ್ಲಿ ಗಂಟು. ಎದ್ದು ನಿಂತ ಕುತ್ತಿಗೆಯ ಅಂಚು. ಒಂದು ಸುಕ್ಕನ್ನೂ ಬಿಡದೆ ಮೂಡಿಸಿದ್ದರು, ಒಳ್ಳೆಯ ಕೆಲಸಗಾರ. ನಾನು ಸೀಳಿ ಏರಿಸಿದ ರವಿಕೆ ಅದು. ನಿಂತಲ್ಲೇ ಕೂತುಬಿಟ್ಟೆ.

ಶಿಲ್ಪಿ ನೀರು ಕೊಟ್ಟರು. ಅಭಿಮಾನಕ್ಕೆ ಹೀಗಾಗಿದ್ದಾಳೆ ಎಂದುಕೊಂಡಿರಬೇಕು. ಫೋಟೋ ತೋರಿಸಿ ಎಂದೆ. ತೋರಿಸಿದರು. ಬಾವನ ಮೊಬೈಲಿನದೇ. ಸಮಿತಿಯವರು ಕೊರಳ ಹಾರ, ಗೋಡೆಯ ಗೂಟ, ಸುತ್ತಲಿನ ಜನ ಎಲ್ಲ ಅಳಿಸಿ, ಅವಳೊಬ್ಬಳನ್ನೇ ಉಳಿಸಿದ್ದರು. ಪೂಜೆಗೆ ಕೂತಾಗ ತೆಗೆದದ್ದು ಎಂದು ಹೇಳಿದ್ದರಂತೆ. ಎಡ ಅಂಗೈಯಲ್ಲಿ ಹೂವಿನ ಕೆಳಗೆ ಏನೋ ಕಪ್ಪಗೆ ಗುಂಡಗೆ ಕಾಣುತ್ತಿತ್ತು, ಹೊಲಿಗೆಯವರಲ್ಲವೇ ನೂಲಿನ ಉಂಡೆ ಇರಬೇಕು ಎಂದು ಇವರು ಅಂಗೈಯಲ್ಲಿ ಒಂದು ನೂಲಿನ ಉಂಡೆ ಮಾಡಿದ್ದರು. ನಾನು ತಮಿಳಿನಲ್ಲಿ ನಿಧಾನವಾಗಿ, ಇದು ಹೆಣದ ಫೋಟೋ ಎಂದು ಹೇಳಿದೆ. ಅವರು ಹೊರಗೆ ಹೋಗಿ ಕೈ ತೊಳೆದುಕೊಂಡು ಬಂದರು. ಕತ್ತು ಯಾಕೆ ಹಾಗಿದೆ ಎಂದು ತನಗೂ ಅನ್ನಿಸಿತ್ತು, ಕೇಳಿದ್ದಕ್ಕೆ ಸಮಿತಿಯವರು ಗತ್ತಿನ ಹೆಂಗಸು ಎಂದಿದ್ದರು ಎಂದು ಹೇಳಿದರು. ನನ್ನ ಫೋಟೋ ಬಗ್ಗೆ ಕೇಳಿದೆ. ಅಂಥದ್ದೊಂದು ಇದೆ ಎಂದೇ ಅವರಿಗೆ ಗೊತ್ತಿರಲಿಲ್ಲ. ಸಮಿತಿಯವರು ಒಂದು ಮಾತು ಹೇಳಿದರೆ ಮಣ್ಣು ಕೆಡವಿ ಹೊಸದಾಗಿ ಮಾಡಿಕೊಡುತ್ತೇನೆ, ಇನ್ನೂ ಅಚ್ಚು ತೆಗೆದಿಲ್ಲ ಎಂದು ಅವರಾಗಿಯೇ ಹೇಳಿದರು.

ಮಾರನೆಯ ದಿನವೇ ಬಾವನ ಮನೆಯ ಜಗುಲಿಯಲ್ಲಿ ಸಮಿತಿ ಸೇರಿತು. ಬಾವ, ಇಬ್ಬರು ಹಿರಿಯರು, ಕಂಪನಿಯ ಕಡೆಯ ಒಬ್ಬ. ಚಿಕ್ಕವ್ವನ ಮೆಷೀನು ಮೊದಲು ಇದ್ದದ್ದು ಅದೇ ಜಗುಲಿಯ ಮೇಲೆ. ನನ್ನ ಫೋಟೋ ಏನಾಯಿತು ಎಂದು ಕೇಳಿದೆ. ಬಾವ ಒಳಗಿನಿಂದ ತಂದು ಕೊಟ್ಟ. ಅದು ಹೋಗಲೇ ಇರಲಿಲ್ಲ. ಹಿರಿಯರೊಬ್ಬರು ಅದನ್ನು ನೋಡಿ ಮುಖ ಸಿಂಡರಿಸಿ, ಸೆರಗಿಲ್ಲ, ಗಂಡಸಿನ ಹಾಗೆ ಅಂಗಿ, ಹಲ್ಲು ಬೇರೆ ಕಾಣುತ್ತದೆ, ಇದನ್ನು ಊರ ಮುಂದೆ ಕೂರಿಸಿದರೆ ನಾಳೆ ನಮ್ಮ ಮನೆಯ ಹೆಣ್ಣುಮಕ್ಕಳಿಗೆ ಏನು ಹೇಳುವುದು ಎಂದರು. ಅವರ ಮನೆಯ ಹೆಣ್ಣುಮಕ್ಕಳು ಆ ಹೊತ್ತಿಗೆ ಅದೇ ಅಂಗಿ ತೊಟ್ಟು ಅವರ ಹೊಲದಲ್ಲೇ ಕೋಸು ಕುಯ್ಯುತ್ತಿದ್ದರು. ಹೊಲದಲ್ಲಿ ಪರವಾಗಿಲ್ಲ, ಬಸ್ ಸ್ಟ್ಯಾಂಡಿನಲ್ಲಿ ಆಗದು.

ನಾನು ಬಾವನ ಮುಖವನ್ನೇ ನೋಡಿ ಕೇಳಿದೆ. "ಅದು ಯಾವಾಗ್ ತೆಗದ ಫೋಟೋ ಅಂತ ನಿಮ್ಗ್ ಗೊತ್ತಿಲ್ವಾ ಬಾವ?"

ಬಾವ ತಲೆ ತಗ್ಗಿಸಲಿಲ್ಲ. "ಗೊತ್ತದ ಕಣಮ್ಮಿ. ನಮ್ಮಲ್ಲಿ ಸಾವು ಅಂತ ಎಲ್ಲದ? ನಮ್ಮತ್ತ ಲಿಂಗೈಕ್ಯ ಆದ್ರು. ಆವತ್ತು ಅವರು ಕೂತಿದ್ ರೀತಿಗಿಂತ ದೊಡ್ಡದು ಯಾವ್ದದ? ನೀನೂ ಕಾಲಿಗ್ ಬಿದ್ದಲ್ವಾ?"

ನಾನು ಬಿದ್ದಿದ್ದೆ. ನಮ್ಮಲ್ಲಿ ಸೂತಕವಿಲ್ಲ, ಹೆಣ ಮೈಲಿಗೆಯಲ್ಲ, ಕೂತವರಿಗೆ ದೇವರ ಹಾಗೇ ಪೂಜೆ. ಇದನ್ನೆಲ್ಲ ನಾನೂ ನಂಬಿಕೊಂಡೇ ಬೆಳೆದವಳು. ಆ ನಂಬಿಕೆಯನ್ನೇ ತಂದು ನನ್ನ ಬಾಯಿಗೆ ಹಾಕಿ ಮುಚ್ಚಿಸಿದ. ಆದರೆ ಅವನಿಗೆ ಬೇಕಾಗಿದ್ದದ್ದು ಲಿಂಗೈಕ್ಯವಲ್ಲ. ಚಿಕ್ಕವ್ವ ಜೀವವಿರುವಷ್ಟು ಕಾಲ ಒಂದು ದಿನವೂ ಆ ಮನೆಯವರು ಹೇಳಿದ ಹಾಗೆ ಕೂತವಳಲ್ಲ. ಅವರು ತಂದ ಸೀರೆ ಉಟ್ಟು, ಮೈತುಂಬ ಸೆರಗು ಹೊದ್ದು, ಬಾಯಿ ಮುಚ್ಚಿ ಕೂತದ್ದು ಅದೊಂದೇ ಸಲ. ಆ ಫೋಟೋ ಅವರಿಗೆ ಹಿಡಿಸಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಕೊನೆಗೆ, ಹಾಗಾದರೆ ರವಿಕೆಯನ್ನಾದರೂ ಸರಿ ಮಾಡಿಸಿ ಎಂದು ಬೇಡಿದೆ. ಆ ಭುಜ ನೋಡಿದರೆ ಯಾವ ದರ್ಜಿಯೂ ಉಗಿಯುತ್ತಾನೆ, ಅವಳ ಹೆಸರಿನ ಕೆಳಗೆ ಅಂಥ ರವಿಕೆ ಬೇಡ ಎಂದೆ. ಗೊಂಬೆಯ ರವಿಕೆಯನ್ನು ಯಾರು ನೋಡುತ್ತಾರೆ ಎಂದು ಹಿರಿಯರು ನಕ್ಕರು. ಕಂಪನಿಯವನು, ಆ ಸುಕ್ಕುಗಳಿಂದಲೇ ನೈಜತೆ ಬಂದಿದೆ ಎಂದ. ಅವನ ಕಂಪನಿ ಹೊಲಿಯುವುದೇ ಬಟ್ಟೆ! ಆ ಸಭೆ ಬಹಳ ಹೊತ್ತು ಚರ್ಚೆ ಮಾಡಿದ್ದು ಒಂದೇ ವಿಷಯ, ಅಂಗೈಯಲ್ಲಿದ್ದ ನೂಲಿನ ಉಂಡೆ. ಲಿಂಗ ಇದ್ದ ಅಂಗೈಯಲ್ಲಿ ನೂಲು ಇಡುವುದು ತಪ್ಪು ಎಂದು ಒಬ್ಬರು, ಲಿಂಗವನ್ನೇ ಮಾಡಿಸಿದರೆ ಬೇರೆಯವರು ಇದು ನಿಮ್ಮವರ ಪ್ರತಿಮೆ ಎನ್ನುತ್ತಾರೆ ಎಂದು ಇನ್ನೊಬ್ಬರು. ಎರಡೂ ಬೇಡ ಎಂದು ತೀರ್ಮಾನವಾಯಿತು. ಇಡೀ ಪ್ರತಿಮೆಯಲ್ಲಿ ಹೊಲಿಗೆಯ ಗುರುತು ಎಂದು ಇದ್ದದ್ದು ಅದೊಂದೇ, ತಪ್ಪಿ ಬಂದದ್ದು. ಅದನ್ನೂ ತೆಗೆಸಿದರು. ಈಗ ಅಂಗೈ ಬರಿದಾಗಿ ಮೇಲ್ಮುಖವಾಗಿದೆ. ಬಸ್ಸು ಕಾಯುವ ಮಕ್ಕಳು ಅದರಲ್ಲಿ ಎಲಚಿ ಬೀಜ ಉಗಿಯುತ್ತಾರೆ.

ಉದ್ಘಾಟನೆಯ ದಿನ ಹೆಂಗಸರೆಲ್ಲ ರೇಷ್ಮೆ ಸೀರೆ ಉಟ್ಟು ಬರಬೇಕು ಎಂದು ಡಂಗುರ ಹೊಡೆಸಿದ ಹಾಗೆ ಹೇಳಿ ಕಳಿಸಿದ್ದರು. ಎಲ್ಲರೂ ಹಾಗೇ ಬಂದರು. ತಾಳವಾಡಿ ಅಂಗಿ ತೊಟ್ಟಿದ್ದವರು ಕಂಪನಿಯ ಕಡೆಯಿಂದ ಬಂದ ಪಟ್ಟಣದ ಹುಡುಗಿಯರು ಮಾತ್ರ, ಅದೂ ಒಳಚೀಲ ಇಲ್ಲದ್ದು. ನಾನು ಬೇಕೆಂದೇ ಚಿಕ್ಕವ್ವ ಹೊಲಿದ ಅಂಗಿ ಹಾಕಿಕೊಂಡು ಹೋದೆ. ಒಬ್ಬ ಹುಡುಗಿ ನನ್ನನ್ನು ತಮ್ಮ ಕಂಪನಿಯವಳು ಎಂದುಕೊಂಡು ಕೈಗೆ ಹೂವಿನ ತಟ್ಟೆ ಕೊಟ್ಟಳು. ವೇದಿಕೆಯ ಮೇಲೆ ಬೆಟ್ಟದ ಹೆಣ್ಣಿನ ಘನತೆ, ಸರಳತೆ, ಮೌನ ಎಂದೆಲ್ಲ ಮಾತಾಡಿದರು. ಮೌನ! ಬಾಯಿ ತೆರೆದರೆ ಅಂಗಡಿಯ ತಗಡು ಅದುರುತ್ತಿತ್ತು. ಬಾವ ತನ್ನ ಅತ್ತೆಗೆ ತನ್ನ ತಂದೆಯೇ ಬೆನ್ನೆಲುಬಾಗಿದ್ದರು ಎಂದ. ಬೆರ್ಚಪ್ಪನ ಸುದ್ದಿ ಗೊತ್ತಿದ್ದ ಮುದುಕಿಯರು ನಾಲ್ಕೈದು ಜನ ಅಲ್ಲೇ ಇದ್ದರು. ಸೆರಗು ಬಾಯಿಗೆ ಒತ್ತಿಕೊಂಡರು. ಆ ಮನೆಯವರು ಅವಳ ಹೆಸರಿನಲ್ಲಿ ನಿಲ್ಲಿಸಿದ್ದು ಎರಡು ಗೊಂಬೆ. ಅಂಗಿಯಾದರೂ ಸರಿಯಾಗಿ ಕೂತಿದ್ದದ್ದು ಮೊದಲನೆಯದಕ್ಕೇ.

ಬಟ್ಟೆ ಎಳೆದರು. ಚಪ್ಪಾಳೆ ಬಿತ್ತು. ಉಸಿರಾಡುವುದೊಂದು ಬಾಕಿ ಎಂದು ನನ್ನ ಪಕ್ಕದಲ್ಲಿ ಯಾರೋ ಹೇಳಿದರು.

ಜನ ಕರಗಿದ ಮೇಲೆ ಪೀಠದ ಹತ್ತಿರ ಒಬ್ಬ ಮುದುಕಿ ನಿಂತೇ ಇದ್ದಳು. ಗೆಟ್ಟವಾಡಿಯವಳು, ಚಿಕ್ಕವ್ವನ ಮೊದಲ ಗಿರಾಕಿಗಳಲ್ಲಿ ಒಬ್ಬಳು. ಚಿಕ್ಕವ್ವ ಹೋದ ದಿನ ಮಳೆಗೆ ಬರಲಾಗದೆ ಮಣ್ಣಾದ ಮೇಲೆ ಬಂದು ಎದೆ ಬಡಿದುಕೊಂಡು ಅತ್ತಿದ್ದಳು. ಈಗಲೂ ಬಟ್ಟೆ ಕೊಡುವುದು ನನಗೇ. ಮೊಮ್ಮಗಳ ಮದುವೆಗೆಂದು ರವಿಕೆಯ ಬಟ್ಟೆಗಳನ್ನೆಲ್ಲ ಹಿಂದಿನ ವಾರವೇ ನನ್ನ ಅಂಗಡಿಗೆ ತಂದು ಹಾಕಿದ್ದಳು. ಅವಳು ಕೈ ಮುಗಿಯುತ್ತಿರಲಿಲ್ಲ. ಕತ್ತು ವಾರೆ ಮಾಡಿ ಬಲಭುಜವನ್ನೇ ನೋಡುತ್ತಿದ್ದಳು. ಅವಳ ಹಿಂದೆ ಟೈಲರಿಂಗ್ ಕ್ಲಾಸಿನ ಹುಡುಗಿಯರು ಗುಂಪುಗಟ್ಟಿ, ಅದೇ ಭುಜಕ್ಕೆ ಬೆರಳು ತೋರಿಸಿಕೊಂಡು ಕಿಸಕ್ಕೆಂದು ನಗುತ್ತಿದ್ದರು. ಇಡೀ ಸಮಿತಿಗೆ ಕಾಣದ್ದು ಇವರಿಗೆ ಕಂಡಿತ್ತು.

ನನ್ನನ್ನು ಕಂಡು ಮುದುಕಿ ಹತ್ತಿರ ಬಂದಳು. "ಈ ರವುಕ ನಿಮ್ಮ್ ಚಿಕ್ಕವ್ವನೇ ಒಲ್ಕೊಂಡಿದ್ದಾ ಮಗ? ನಂಗ್ ಒಲ್ಕೊಟ್ಟಿರೋ ಅಂಗಿ ಭುಜ ಇನ್ನೂ ಒಂದೆಳ ಜಾರಿಲ್ಲ. ತನಗೇ ಇಂಗ್ ಒಲ್ಕೊಂಡಿದ್ಲಾ?"

ಹುಡುಗಿಯರ ನಗು ನಿಂತಿತು. ಎಲ್ಲರ ಕಿವಿ ನನ್ನ ಕಡೆಗಿತ್ತು.

ನಿಜ ಹೇಳಬಹುದಿತ್ತು. ಇದು ಅವಳು ಹೊಲಿದದ್ದಲ್ಲ ಅವ್ವಾ, ಹೆಣಕ್ಕೆ ತೊಡಿಸಿದ್ದು, ಇದು ಹೆಣ ಎಂದು ಹೇಳಬಹುದಿತ್ತು. ಹೇಳಿದ್ದರೆ ಸಂಜೆಯೊಳಗೆ ಊರಿಗೆಲ್ಲ ಹರಡುತ್ತಿತ್ತು. ಆಮೇಲೆ ಅಲ್ಲಿ ಬಸ್ಸು ಕಾಯುವ ಯಾರಿಗೂ ಚಿಕ್ಕವ್ವ ಕಾಣುತ್ತಿರಲಿಲ್ಲ, ಹೆಣವೇ ಕಾಣುತ್ತಿತ್ತು. ಮಕ್ಕಳು ಅತ್ತ ಹೋಗಲು ಹೆದರುತ್ತಿದ್ದರು. ಸುಮ್ಮನಿದ್ದರೆ, ಊರಿಗೆಲ್ಲ ಹೊಲಿದವಳಿಗೆ ತನ್ನ ರವಿಕೆ ಹೊಲಿದುಕೊಳ್ಳಲು ಬರುತ್ತಿರಲಿಲ್ಲ ಎಂದು ಆ ಹುಡುಗಿಯರು ಬದುಕಿಡೀ ಹೇಳಿಕೊಂಡು ತಿರುಗುತ್ತಿದ್ದರು. ಅಂಗಿ ಹೋಯಿತು, ನಗು ಹೋಯಿತು, ನೂಲಿನ ಉಂಡೆಯೂ ಹೋಯಿತು. ಅವಳದು ಎಂದು ಉಳಿದಿದ್ದದ್ದು ಕೈಕೆಲಸದ ಹೆಸರೊಂದೇ. ಸೀಳಿದವಳು ಹೇಗೂ ನಾನೇ.

"ಅವಳಲ್ಲ ಕಣವ್ವ," ಎಂದೆ. "ನಾನ್ ಒಲ್ದಿದ್ದು."

ಮುದುಕಿ ನನ್ನ ಮುಖ ನೋಡಿದಳು, ಮತ್ತೆ ಆ ಭುಜ ನೋಡಿದಳು. "ಅದ್ಕೇಯ," ಎಂದಳು. ಅವಳ ಮುಖ ಹಗುರಾಯಿತು. ಆಮೇಲೆ ಪ್ರತಿಮೆಗೆ ಎರಡೂ ಕೈ ಎತ್ತಿ ಮುಗಿದಳು.

ಮಾರನೆಯ ದಿನ ಅಂಗಡಿ ಬಾಗಿಲು ತೆಗೆಯುವಷ್ಟರಲ್ಲಿ ಬಂದು ಮೆಟ್ಟಿಲ ಮೇಲೆ ಕೂತಿದ್ದಳು. ಮದುವೆ ಬಟ್ಟೆಯಲ್ಲವಾ ಮಗ, ಚಾಮರಾಜನಗರದಲ್ಲೇ ಹೊಲಿಯಲು ಕೊಡುತ್ತೇವೆ, ಬೇಜಾರು ಮಾಡಿಕೊಳ್ಳಬೇಡ ಎಂದಳು. ಇನ್ನೂ ಕತ್ತರಿ ತಾಗಿಸಿರಲಿಲ್ಲ. ನಾನು ರವಿಕೆ ಬಟ್ಟೆಗಳನ್ನೆಲ್ಲ ಮಡಚಿ, ಅಳತೆಗೆಂದು ಕೊಟ್ಟಿದ್ದ ಹಳೇ ರವಿಕೆಯನ್ನೂ ಮೇಲಿಟ್ಟು, ಅವಳ ಚೀಲಕ್ಕೆ ಹಾಕಿ ಕೊಟ್ಟೆ.